ದುಬಾರಿ ಗೇಮಿಂಗ್ ಲ್ಯಾಪ್‌ಟಾಪ್: ಕೊಳ್ಳುವ ಮುನ್ನ ಪರೀಕ್ಷಿಸಿ ನೋಡುವ ಬಗೆ



ಹನ್ನೆರಡನೆಯ ತರಗತಿಯ ಫಲಿತಾಂಶ ಬಂದು ಇಂಜಿನಿಯರಿಂಗ್ ಪ್ರವೇಶ ಶುರುವಾಯಿತೆಂದರೆ ತಿಕೋಂಡಿ, ಸಂಖ, ಉಮದಿ, ಜತ್ತ ಕಡೆಯ ಸದಸ್ಯರು ಸಂಘಕ್ಕೆ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಹುಡುಗ ಗೇಮಿಂಗ್ ಲ್ಯಾಪ್‌ಟಾಪೇ ಬೇಕಂತಾನ್ರಿ, ಎರಡು ಲಕ್ಷ ಆಗತದಂತ. ಕೊಡಸೋಣೇನು?" ದಾಳಿಂಬೆ ಅಥವಾ ದ್ರಾಕ್ಷಿಯ ಒಂದು ಹಂಗಾಮಿನ ರೊಕ್ಕ ಅದು. ಕೆಲವರದು ಶಿಕ್ಷಣ ಸಾಲದ ಹಣ. ಒಮ್ಮೆ ಕೊಂಡರೆ ನಾಲ್ಕು ವರ್ಷ ಅದರ ಜೊತೆಗೇ ಬಾಳಬೇಕು. ಆದ್ದರಿಂದ ಬಿಡಿಬಿಡಿಯಾಗಿ ಫೋನಿನಲ್ಲಿ ಹೇಳುವುದಕ್ಕಿಂತ ಎಲ್ಲವನ್ನೂ ಒಂದೆಡೆ ಬರೆದಿಡುವುದು ಒಳಿತೆಂದು ಈ ಲೇಖನ.

ಯಾವ ಕಂಪನಿಯದು ಕೊಳ್ಳಬೇಕು ಎಂದು ನಾವು ಇಲ್ಲಿ ಹೇಳುತ್ತಿಲ್ಲ. ಆಸುಸ್‌ನ ರಾಗ್, ಲೆನೊವೊದ ಲೀಜನ್, ಎಚ್‌ಪಿಯ ಓಮೆನ್, ಡೆಲ್‌ನ ಏಲಿಯನ್‌ವೇರ್, ಏಸರ್‌ನ ಪ್ರೆಡೇಟರ್, ಎಂಎಸ್‌ಐ, ಎಲ್ಲ ಕಂಪನಿಗಳಲ್ಲೂ ಒಳ್ಳೆಯವೂ ಇವೆ, ಹೆಸರಿಗಷ್ಟೇ ದೊಡ್ಡವೂ ಇವೆ. ನಾವು ಹೇಳುವುದು ಇಷ್ಟೇ: ಡಬ್ಬಿಯ ಮೇಲಿನ ಹೆಸರು ಯಂತ್ರದ ಶಕ್ತಿಯನ್ನು ಹೇಳುವುದಿಲ್ಲ. ಎಷ್ಟು ವಾಟ್ ವಿದ್ಯುತ್ತಿನಲ್ಲಿ ಅದು ಓಡುತ್ತದೆ, ನಮ್ಮ ಬೇಸಿಗೆಯಲ್ಲಿ ಆ ಓಟ ಉಳಿಯುತ್ತದೆಯೇ, ಕೆಟ್ಟರೆ ರಿಪೇರಿಯವನು ನಮ್ಮೂರಿಗೆ ಬರುತ್ತಾನೆಯೇ ಎಂಬ ಮೂರರಲ್ಲೇ ಬೆಲೆಯ ನ್ಯಾಯ ಇದೆ.

ಮೊದಲು, ಬೇಕೇ ಬೇಡವೇ

ವಾಣಿಜ್ಯ, ವೈದ್ಯಕೀಯ, ಶಿಕ್ಷಕರ ತರಬೇತಿ, ಸಾಮಾನ್ಯ ಪದವಿ, ಇವಕ್ಕೆ ಗೇಮಿಂಗ್ ಯಂತ್ರ ಬೇಕಿಲ್ಲ. ಕಂಪ್ಯೂಟರ್ ಸೈನ್ಸ್‌ನಲ್ಲಿ ಪ್ರೋಗ್ರಾಂ ಬರೆಯುವುದಕ್ಕೂ ಬೇಕಿಲ್ಲ. 16 ಜಿಬಿ ಮೆಮರಿಯ ಸಾಧಾರಣ ಲ್ಯಾಪ್‌ಟಾಪ್ ಸಾಕು, ಹೊರಲು ಹಗುರವಾಗಿಯೂ ಇರುತ್ತದೆ. ಮೂರು ಆಯಾಮದ ವಿನ್ಯಾಸ ಮಾಡುವ ಮೆಕ್ಯಾನಿಕಲ್, ಆರ್ಕಿಟೆಕ್ಚರ್ ವಿದ್ಯಾರ್ಥಿಗಳು, ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ ಅನಿಮೇಶನ್ ಕಲಿಯುವವರು, ವಿಡಿಯೊ ಸಂಕಲನ ಮಾಡುವವರು, ಕೃತಕ ಬುದ್ಧಿಮತ್ತೆಯ ಪ್ರಯೋಗಗಳನ್ನು ಸ್ವಂತ ಯಂತ್ರದಲ್ಲೇ ಮಾಡುವವರು, ಇವರಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಕೊನೆಯ ಗುಂಪಿನವರು ಎನ್ವಿಡಿಯಾ ಕಾರ್ಡನ್ನೇ ಕೇಳುತ್ತಾರೆ. ಅವರು ಬಳಸುವ ಹಲವು ಸಾಧನಗಳು ಕುಡಾ ಎಂಬ ಆ ಕಂಪನಿಯದೇ ವ್ಯವಸ್ಥೆಯ ಮೇಲೆ ನಡೆಯುವುದು ಅದಕ್ಕೆ ಕಾರಣ.

ಇನ್ನು ಆಟ. ಮಕ್ಕಳು ಆಟಕ್ಕಾಗಿಯೇ ಕೇಳಿದರೂ ಅದನ್ನು ಪಾಪವೆಂದು ನಾವು ಎಣಿಸುವುದಿಲ್ಲ. ರೊಕ್ಕ ಹಚ್ಚಿ ಆಡುವ ಆನ್‌ಲೈನ್ ಆಟಗಳೇ ಬೇರೆ, ಅವನ್ನು 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ನಿಷೇಧಿಸಿದೆ. ಕಂಪ್ಯೂಟರ್ ಆಟ ಬೇರೆ. ಅದನ್ನು ತಯಾರಿಸುವುದು ಒಂದು ಉದ್ಯೋಗವೂ ಹೌದು. ಬೆಂಗಳೂರಿನಲ್ಲಿ 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು 2019ರಲ್ಲಿ ರಾಕ್‌ಸ್ಟಾರ್ ಎಂಬ ಜಗತ್ಪ್ರಸಿದ್ಧ ಕಂಪನಿ ಕೊಂಡುಕೊಂಡಿತು. 2020ರಲ್ಲಿ ಬಂದ 'ರಾಜಿ' ಎಂಬ ಆಟ ನಮ್ಮ ಪುಣೆಯಲ್ಲಿ ತಯಾರಾದದ್ದು. ಅನಿಮೇಶನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದು ಕರ್ನಾಟಕ ಸರ್ಕಾರ 2012ರಲ್ಲೇ ನೀತಿ ತಂದಿತ್ತು. ಹುಡುಗ ಬರೀ ಆಡುತ್ತಾನೋ, ಏನಾದರೂ ಮಾಡುತ್ತಾನೋ ಎಂಬುದನ್ನು ಮನೆಯವರೇ ನೋಡಬೇಕು.

ಹೆಸರು ಒಂದೇ, ಬಲ ಬೇರೆ ಬೇರೆ

ನಮ್ಮ ರೈತ ಸದಸ್ಯರಿಗೆ ಇದು ಬೇಗ ತಿಳಿಯುತ್ತದೆ. ಬೋರ್‌ವೆಲ್ ಮೋಟಾರಿನ ತಗಡಿನ ಮೇಲೆ ಏಳೂವರೆ ಎಚ್‌ಪಿ ಎಂದು ಬರೆದಿರುತ್ತದೆ. ಆದರೆ ಲೈನಿನಲ್ಲಿ ಓಲ್ಟೇಜ್ ಇಲ್ಲದಿದ್ದರೆ, ಪೈಪು ಸಣ್ಣದಿದ್ದರೆ, ಹೊಲಕ್ಕೆ ಬೀಳುವ ನೀರು ಅಷ್ಟಕ್ಕಷ್ಟೇ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡೂ ಹಾಗೆಯೇ.

ಉದಾಹರಣೆಗೆ ಎನ್ವಿಡಿಯಾದ ಲ್ಯಾಪ್‌ಟಾಪ್ ಆರ್‌ಟಿಎಕ್ಸ್ 4060. ಇದನ್ನು 35 ವಾಟ್‌ನಿಂದ 115 ವಾಟ್‌ವರೆಗೆ ಎಷ್ಟಕ್ಕೆ ಬೇಕಾದರೂ ಕೂರಿಸಲು ಲ್ಯಾಪ್‌ಟಾಪ್ ತಯಾರಕರಿಗೆ ಅವಕಾಶವಿದೆ. ತೆಳ್ಳಗಿನ, ನೋಡಲು ಚೆಂದದ ಯಂತ್ರದಲ್ಲಿ ಕಡಿಮೆ ವಾಟ್, ದಪ್ಪ ಯಂತ್ರದಲ್ಲಿ ಹೆಚ್ಚು. ಎರಡರ ಮೇಲೂ ಅಂಟಿಸುವ ಚೀಟಿ ಒಂದೇ. ಹೆಚ್ಚು ವಾಟ್‌ನ 4060 ಕಡಿಮೆ ವಾಟ್‌ನ 4070ಯನ್ನು ಹಿಂದೆ ಹಾಕಬಹುದು. ಮೊದಲು ಕಡಿಮೆ ವಾಟ್‌ನ ಕಾರ್ಡುಗಳ ಹೆಸರಿನ ಮುಂದೆ 'ಮ್ಯಾಕ್ಸ್-ಕ್ಯೂ' ಎಂದು ಬರೆಯುತ್ತಿದ್ದರು, ಗೊತ್ತಾಗುತ್ತಿತ್ತು. 2021ರ 30ರ ಸರಣಿಯಿಂದ ಆ ಗುರುತನ್ನು ಹೆಸರಿನಿಂದ ತೆಗೆದರು. ಈಗ ಗಿರಾಕಿಯೇ ಕೇಳಿ ತಿಳಿದುಕೊಳ್ಳಬೇಕು.

ಕೇಳಬೇಕಾದ ಮಾತು: "ಇದರ ಟಿಜಿಪಿ ಎಷ್ಟು?" ಟಿಜಿಪಿ ಎಂದರೆ ಗ್ರಾಫಿಕ್ಸ್ ಕಾರ್ಡಿಗೆ ಸಿಗುವ ಒಟ್ಟು ವಿದ್ಯುತ್. ಅಂಗಡಿಯವರು 140 ಎಂದರೆ ಅದು ಬಹುಶಃ 115 ಮತ್ತು 25. ಈ 25 ವಾಟ್ ಪ್ರೊಸೆಸರ್ ಸುಮ್ಮನಿದ್ದಾಗ ಅದರ ಪಾಲಿನಿಂದ ಎರವಲು ಬರುವುದು, ಸದಾ ಸಿಗುವುದಲ್ಲ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಯಂತ್ರವನ್ನೇ ಕೇಳಬಹುದು. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಸಿಸ್ಟಮ್ ಇನ್ಫರ್ಮೇಶನ್ ಒತ್ತಿದರೆ ಗರಿಷ್ಠ ಗ್ರಾಫಿಕ್ಸ್ ಪವರ್ ಎಂಬ ಸಾಲಿನಲ್ಲಿ ವಾಟ್ ಬರೆದಿರುತ್ತದೆ.

ಎರಡನೆಯ ಗೊಂದಲ ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್ ಕಾರ್ಡಿನದು. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4090ಯಲ್ಲಿ 24 ಜಿಬಿ ಮೆಮರಿ, 16,384 ಕೋರ್, 450 ವಾಟ್. ಲ್ಯಾಪ್‌ಟಾಪಿನ 4090ಯಲ್ಲಿ 16 ಜಿಬಿ, 9,728 ಕೋರ್, ಹೆಚ್ಚೆಂದರೆ 150 ವಾಟ್ ಮತ್ತು ಮೇಲಿನ ಎರವಲು. ನಿಜ ಹೇಳಬೇಕೆಂದರೆ ಅದರೊಳಗಿನ ಚಿಪ್ಪು ಡೆಸ್ಕ್‌ಟಾಪಿನ 4080ಯದು. 2025ರಲ್ಲಿ ಬಂದ 50ರ ಸರಣಿಯಲ್ಲೂ ಇದೇ ಕತೆ: ಡೆಸ್ಕ್‌ಟಾಪ್ 5090ಕ್ಕೆ 32 ಜಿಬಿ, ಲ್ಯಾಪ್‌ಟಾಪಿನದಕ್ಕೆ 24. ಯೂಟ್ಯೂಬಿನಲ್ಲಿ ಡೆಸ್ಕ್‌ಟಾಪ್ ಕಾರ್ಡಿನ ಪರೀಕ್ಷೆ ನೋಡಿ ಲ್ಯಾಪ್‌ಟಾಪಿಗೆ ರೊಕ್ಕ ಕೊಡಬಾರದು.

ಕಾರ್ಡಿನ ಮೆಮರಿಯನ್ನೂ ನೋಡಿರಿ. ಲ್ಯಾಪ್‌ಟಾಪಿನ 4060, 4070, 5060, 5070 ನಾಲ್ಕಕ್ಕೂ ಎನ್ವಿಡಿಯಾ ಘೋಷಿಸಿದ್ದು 8 ಜಿಬಿಯನ್ನೇ. 5070 ಟಿಐಗೆ 12, 5080ಕ್ಕೆ 16. ಹೊಸ ದೊಡ್ಡ ಆಟಗಳು ಹೆಚ್ಚಿನ ವಿವರದಲ್ಲಿ ಓಡುವಾಗ 8 ಜಿಬಿ ಸಾಲದೆ ತಡವರಿಸುತ್ತವೆ, ದೊಡ್ಡ ಬ್ಲೆಂಡರ್ ಕೆಲಸವೂ ಹಾಗೆಯೇ. ನಮ್ಮ ಅಭಿಪ್ರಾಯ ಕೇಳಿದರೆ, ಎರಡು ಲಕ್ಷದ ಹತ್ತಿರ ಕೊಡುವವರು 12 ಜಿಬಿಗಿಂತ ಕಡಿಮೆಗೆ ಒಪ್ಪಬಾರದು. 8 ಜಿಬಿಯದೇ ಸಾಕು ಎನ್ನುವವರು ಸಣ್ಣ ಸಂಖ್ಯೆಯ, ಆದರೆ ಪೂರ್ಣ ವಾಟ್‌ನ ಯಂತ್ರ ಕೊಂಡು ರೊಕ್ಕ ಉಳಿಸಬಹುದು.

ಪ್ರೊಸೆಸರಿನ ಹೆಸರಿನಲ್ಲಿ ಕೊನೆಯ ಅಕ್ಷರ ನೋಡಿದರೆ ಸಾಕು. ಇಂಟೆಲ್‌ನಲ್ಲಿ ಯು ಎಂದರೆ ಮಿತವ್ಯಯದ್ದು, ಎಚ್ ಎಂದರೆ ಬಲದ್ದು, ಎಚ್‌ಎಕ್ಸ್ ಎಂದರೆ ಇನ್ನೂ ಬಲದ್ದು. ಎಎಂಡಿಯ 7000 ಸರಣಿಯಲ್ಲಿ ಮಾತ್ರ ಮೂರನೆಯ ಅಂಕಿಯನ್ನು ನೋಡಬೇಕು. 7735ರಲ್ಲಿ ಅದು 3, ಅಂದರೆ ಹಳೆಯ ವಿನ್ಯಾಸ. 7840ರಲ್ಲಿ 4, ಹೊಸದು. ಆಟಕ್ಕೆ ಪ್ರೊಸೆಸರಿಗಿಂತ ಗ್ರಾಫಿಕ್ಸ್ ಕಾರ್ಡೇ ಮುಖ್ಯ. ಐ9 ಎಂಬ ಹೆಸರಿಗೆ ಮರುಳಾಗಿ ಕಾರ್ಡಿನಲ್ಲಿ ರಾಜಿಯಾಗುವುದು ಲಾಭದ ವ್ಯಾಪಾರವಲ್ಲ.

ಅಂಗಡಿಯ ಏಸಿ, ನಮ್ಮೂರ ಬಿಸಿಲು

ಕಂಪ್ಯೂಟರ್ ಪತ್ರಿಕೆಗಳಲ್ಲಿ ಈ ವಿಷಯಕ್ಕೆ ಕೊಡುವ ಜಾಗ ಕಡಿಮೆ. ನಮಗೆ ಮಾತ್ರ ಇದು ಎಲ್ಲಕ್ಕಿಂತ ಮುಖ್ಯ.

ಲ್ಯಾಪ್‌ಟಾಪಿನ ಫ್ಯಾನು ತಂಪು ಗಾಳಿ ಉತ್ಪಾದಿಸುವುದಿಲ್ಲ. ಕೋಣೆಯಲ್ಲಿರುವ ಗಾಳಿಯನ್ನೇ ಎಳೆದು, ಒಳಗಿನ ಬಿಸಿಯನ್ನು ಅದರ ಮೇಲೆ ಹೊರಿಸಿ ಹೊರಗೆ ತಳ್ಳುತ್ತದೆ. ಆದ್ದರಿಂದ ಯಂತ್ರದ ಬಿಸಿ ಎಂದರೆ ಕೋಣೆಯ ಬಿಸಿ ಮತ್ತು ಅದರ ಮೇಲೊಂದು ಏರಿಕೆ. ಸಾಂಗ್ಲಿಯ ಅಥವಾ ಪುಣೆಯ ಅಂಗಡಿಯಲ್ಲಿ ಏಸಿ 24 ಡಿಗ್ರಿಗೆ ಇದೆ, ಆಟ ಓಡಿಸಿದಾಗ ಪ್ರೊಸೆಸರ್ 86 ತೋರಿಸುತ್ತದೆ ಎಂದುಕೊಳ್ಳಿ. ಏರಿಕೆ 62. ಅದೇ ಯಂತ್ರವನ್ನು ಏಪ್ರಿಲ್ ಮಧ್ಯಾಹ್ನ ತಿಕೋಂಡಿಯ ಪತ್ರಾಸಿನ ಮಾಡಿನ ಕೆಳಗೆ 40 ಡಿಗ್ರಿಯಲ್ಲಿ ಓಡಿಸಿದರೆ 40 ಮತ್ತು 62, ಅಂದರೆ 102. ಆದರೆ 102ಕ್ಕೆ ಅದು ಹೋಗುವುದೇ ಇಲ್ಲ. ಹೆಚ್ಚಿನ ಪ್ರೊಸೆಸರುಗಳು 95-100 ಡಿಗ್ರಿಯ ಹತ್ತಿರ ಬಂದೊಡನೆ ತಮ್ಮನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತವೆ. ಸುಟ್ಟು ಹೋಗುವುದಿಲ್ಲ, ಆದರೆ ಕೊಟ್ಟ ರೊಕ್ಕದ ವೇಗವೂ ಸಿಗುವುದಿಲ್ಲ. ಅಂಗಡಿಯಲ್ಲಿ ಓಡಿದ್ದು ಮನೆಗೆ ಬಂದ ಮೇಲೆ ಯಾಕೆ ಓಡಲಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ ಲೆಕ್ಕ.

ಹೀಗಾಗಿ ನಮ್ಮ ಅಳತೆ: ಏಸಿ ಇರುವ ಅಂಗಡಿಯಲ್ಲಿ ಪೂರ್ಣ ಹೊರೆಯಲ್ಲಿ 80-82 ಡಿಗ್ರಿಯೊಳಗೆ ನಿಲ್ಲುವ ಯಂತ್ರ ನಮ್ಮ ಬೇಸಿಗೆಗೆ ತಕ್ಕದ್ದು. ಅಂಗಡಿಯಲ್ಲೇ 95 ಮುಟ್ಟುವ ಯಂತ್ರವನ್ನು ಈ ಭಾಗದವರು ಮರೆತುಬಿಡುವುದು ಲೇಸು. ಇಂಥ ಕಡೆ ತೆಳುವಾದ ಯಂತ್ರಗಳೇ ಹೆಚ್ಚು ಸೋಲುತ್ತವೆ. ದಪ್ಪ, ಎರಡೂವರೆ ಕಿಲೋ ಮೇಲಿನ ಯಂತ್ರಗಳಿಗೆ ಶಾಖ ಸಾಗಿಸುವ ತಾಮ್ರದ ಕೊಳವೆಗಳೂ ಫ್ಯಾನುಗಳೂ ದೊಡ್ಡವು. ಹುಡುಗರಿಗೆ ಅವು ಹಿಡಿಸುವುದಿಲ್ಲ, ಏನು ಮಾಡುವುದು.

ಧೂಳಿನ ವಿಷಯ ನಿಮಗೆ ಹೇಳಬೇಕಾಗಿಲ್ಲ. ಗಾಳಿ ಎಳೆಯುವ ಕಿಂಡಿ ತಳದಲ್ಲಿರುವುದರಿಂದ ಹಾಸಿಗೆ, ಕೌದಿ, ತಲೆದಿಂಬಿನ ಮೇಲೆ ಇಟ್ಟು ಓಡಿಸಿದರೆ ಕಿಂಡಿಯೇ ಮುಚ್ಚುತ್ತದೆ. ಹಿಂಭಾಗಕ್ಕೆ ಒಂದಿಂಚು ಎತ್ತರ ಕೊಟ್ಟರೂ ಗುಣ ಕಾಣುತ್ತದೆ. ಆರು ತಿಂಗಳಿಗೊಮ್ಮೆ ಫ್ಯಾನು ಸ್ವಚ್ಛ ಮಾಡಿಸಿರಿ. ಮುಚ್ಚಳ ಬಿಚ್ಚಿದರೆ ವಾರಂಟಿ ಹೋಗುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ, ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿರಿ.

ಕರೆಂಟಿನ ಲೆಕ್ಕ

ದುಬಾರಿ ಗೇಮಿಂಗ್ ಲ್ಯಾಪ್‌ಟಾಪಿನ ಅಡಾಪ್ಟರ್ 240, 280, 330 ವಾಟ್‌ನದು, ತೂಕ ಕಿಲೋ ಹತ್ತಿರ. ಆಡುವಾಗ ಸರಾಸರಿ 250 ವಾಟ್ ಎಳೆಯುತ್ತದೆ ಎಂದುಕೊಂಡರೆ ನಾಲ್ಕು ತಾಸಿಗೆ ಒಂದು ಯೂನಿಟ್, ದಿನಾ ಆಡಿದರೆ ತಿಂಗಳಿಗೆ 30 ಯೂನಿಟ್. ಇದೇನೂ ಭಾರವಲ್ಲ. ಭಾರವಾಗುವುದು ಲೈಟ್ ಹೋದಾಗ. ಯಂತ್ರದ ಬ್ಯಾಟರಿ 80ರಿಂದ 99 ವಾಟ್-ಅವರ್ ಇರುತ್ತದೆ. 100 ದಾಟಿದರೆ ವಿಮಾನದಲ್ಲಿ ಒಯ್ಯಲು ವಿಶೇಷ ಅನುಮತಿ ಬೇಕಾಗುವುದರಿಂದ ಕಂಪನಿಗಳು 99ಕ್ಕೇ ನಿಲ್ಲಿಸುತ್ತವೆ. ಬ್ಯಾಟರಿಯ ಮೇಲೆ ಓಡುವಾಗ ಯಂತ್ರ ತಾನಾಗಿಯೇ ವೇಗ ಇಳಿಸುತ್ತದೆ. ಅಷ್ಟಾದರೂ ಆಟ ಒಂದು ತಾಸು, ಹೆಚ್ಚೆಂದರೆ ಒಂದೂವರೆ ತಾಸು. ಬರೆಯುವ, ಓದುವ ಕೆಲಸಕ್ಕಾದರೆ ನಾಲ್ಕಾರು ತಾಸು ಬಂದೀತು.

ಮನೆಯ ಇನ್ವರ್ಟರಿಗೆ ಹಚ್ಚುವವರು ಅದು ಸೈನ್ ವೇವ್ ಇನ್ವರ್ಟರ್ ಹೌದೋ ಎಂದು ನೋಡಿಕೊಳ್ಳಬೇಕು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ದೊಡ್ಡ ಅಡಾಪ್ಟರುಗಳು ಸದ್ದು ಮಾಡುತ್ತವೆ, ಬಿಸಿಯಾಗುತ್ತವೆ. 12 ಓಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವಾಟ್-ಅವರ್ ಇದೆ. ನಷ್ಟ ಕಳೆದು, ಎರಡು ಫ್ಯಾನು ನಾಲ್ಕು ದೀಪದ ಜೊತೆ ಈ ಲ್ಯಾಪ್‌ಟಾಪನ್ನೂ ಓಡಿಸಿದರೆ ಮೂರು ತಾಸು ಬಂದರೆ ಹೆಚ್ಚು. ಮನೆಯವರು ರಾತ್ರಿ ಫ್ಯಾನಿಲ್ಲದೆ ಮಲಗಬೇಕಾದೀತು.

ಇನ್ನೊಂದು ಸಣ್ಣ ವಿಷಯ: ಅಡಾಪ್ಟರಿನ ಮೂರನೆಯ ಪಿನ್ನು ಅರ್ಥಿಂಗಿನದು. ಮನೆಯಲ್ಲಿ ಅರ್ಥಿಂಗ್ ಸರಿ ಇಲ್ಲದಿದ್ದರೆ ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದಾಗ ಜುಮ್ ಎನ್ನುತ್ತದೆ. ಯಂತ್ರ ಕೆಟ್ಟಿದೆಯೆಂದು ಅಂಗಡಿಗೆ ಒಯ್ಯುವ ಮೊದಲು ವೈರ್‌ಮನ್‌ನನ್ನು ಕರೆಸಿರಿ. ಅಡಾಪ್ಟರ್ ಹೋದರೆ ಬಿಐಎಸ್ ಗುರುತು ಇಲ್ಲದ ಅಗ್ಗದ್ದನ್ನು ತರಬೇಡಿ.

ಪರದೆ, ಮೆಮರಿ, ಡಿಸ್ಕ್

ಪರದೆಗೆ 165 ಹರ್ಟ್ಸ್ ಧಾರಾಳ ಸಾಕು, 240 ಸ್ಪರ್ಧೆಗೆ ಆಡುವವರಿಗೆ. ಅದಕ್ಕಿಂತ ಬೆಳಕನ್ನು ನೋಡಿರಿ: 300 ನಿಟ್ಸ್‌ನ ಪರದೆ ನಮ್ಮ ಪಡಸಾಲೆಯ ಹಗಲಿನಲ್ಲಿ ಮಂಕು, 400-500 ಇದ್ದರೆ ಹಿತ. ವಿವರಪಟ್ಟಿಯಲ್ಲಿ ಬಣ್ಣದ ಮುಂದೆ '45% ಎನ್‌ಟಿಎಸ್‌ಸಿ' ಎಂದಿದ್ದರೆ ಅದು ಅಗ್ಗದ ಪರದೆ. ಮೆಮರಿ 16 ಜಿಬಿ ಆದರೆ 8ರ ಎರಡು ಪಟ್ಟಿ ಇರಲಿ, 16ರ ಒಂದೇ ಪಟ್ಟಿ ಹಾಕಿದ್ದರೆ ಆಟದ ವೇಗ ತಗ್ಗುತ್ತದೆ. ಬೋರ್ಡಿಗೇ ಬೆಸೆದ ಮೆಮರಿಯನ್ನು ಮುಂದೆ ಹೆಚ್ಚಿಸಲಾಗದು. ಡಿಸ್ಕ್ 1 ಟಿಬಿ ಇರಲಿ, ಒಂದೊಂದು ಆಟವೇ 100 ಜಿಬಿ ದಾಟುತ್ತದೆ. ಎರಡನೆಯ ಡಿಸ್ಕಿಗೆ ಖಾಲಿ ಜಾಗವಿದೆಯೇ ಎಂದೂ ಕೇಳಿರಿ.

ಅಂಗಡಿಯಲ್ಲಿ ಅರ್ಧ ತಾಸು

ಕಚೇರಿಯಲ್ಲಿ ಫೈಲು ನೋಡಿ ಬಂದ ನಮಗೆ ಮೂರು ಕೊಟೇಶನ್ ಇಲ್ಲದೆ ಖರೀದಿ ಎಂದರೆ ಸಮಾಧಾನವಿಲ್ಲ. ಒಂದು ಹಾಳೆಯಲ್ಲಿ ಮೂರು ಯಂತ್ರಗಳ ಹೆಸರು ಬರೆದು, ಪಕ್ಕಕ್ಕೆ ವಾಟ್, ಕಾರ್ಡಿನ ಮೆಮರಿ, ಅರ್ಧ ತಾಸಿನ ನಂತರದ ಬಿಸಿ, ವಾರಂಟಿ, ಬೆಲೆ ತುಂಬಿರಿ.

ಪರೀಕ್ಷೆ ಹೀಗೆ. ಮೊದಲೇ ಫೋನ್ ಮಾಡಿ, ಓಡಿಸಿ ನೋಡಲು ಡೆಮೊ ಯಂತ್ರ ಇದೆಯೇ ಎಂದು ಕೇಳಿರಿ. ಚಾರ್ಜರ್ ಹಚ್ಚಿ, ಯಂತ್ರವನ್ನು ಪರ್ಫಾರ್ಮೆನ್ಸ್ ಮೋಡ್‌ಗೆ ಹಾಕಿ, ಎಚ್‌ಡಬ್ಲ್ಯೂಇನ್ಫೊ ಎಂಬ ಉಚಿತ ತಂತ್ರಾಂಶ ತೆರೆಯಿರಿ. ಬಿಸಿ, ವಾಟ್ ಎರಡನ್ನೂ ಅದು ತೋರಿಸುತ್ತದೆ. ಸಿನೆಬೆಂಚ್ ಹತ್ತು ನಿಮಿಷ, ನಂತರ ಯಾವುದಾದರೂ ದೊಡ್ಡ ಆಟ ಇಪ್ಪತ್ತು ನಿಮಿಷ. ಮೊದಲ ಎರಡು ನಿಮಿಷದ ಅಂಕಿಯನ್ನು ನಂಬಬೇಡಿ, ಆಗ ಎಲ್ಲ ಯಂತ್ರಗಳೂ ಹುಲಿಗಳೇ. ಇಪ್ಪತ್ತನೆಯ ನಿಮಿಷದಲ್ಲೂ ಕಾರ್ಡು ಹೇಳಿದಷ್ಟು ವಾಟ್ ಎಳೆಯುತ್ತಿದೆಯೇ, ಬಿಸಿ ಎಲ್ಲಿ ನಿಂತಿದೆ, ಫ್ಯಾನಿನ ಸದ್ದಿನಲ್ಲಿ ಮಾತು ಕೇಳಿಸುತ್ತದೆಯೇ, ಕೀಲಿಮಣೆ ಕೈ ಸುಡುತ್ತಿದೆಯೇ ನೋಡಿರಿ. ಚಾರ್ಜರ್ ಹಚ್ಚಿದ್ದರೂ ಬ್ಯಾಟರಿ ಇಳಿದಿದ್ದರೆ ಅಡಾಪ್ಟರ್ ಸಣ್ಣದು ಎಂದರ್ಥ.

ಅಂಗಡಿಯ ಹುಡುಗರು ಪರದೆಯ ಮೂಲೆಯಲ್ಲಿ 200 ಎಫ್‌ಪಿಎಸ್ ತೋರಿಸಿಯಾರು. ಫ್ರೇಮ್ ಜನರೇಶನ್ ಆರಿಸಿ ತೋರಿಸಲು ಹೇಳಿರಿ. ಕಾರ್ಡು ನಿಜವಾಗಿ ಬಿಡಿಸಿದ ಚಿತ್ರಗಳ ನಡುವೆ ಊಹಿಸಿ ಬಿಡಿಸಿದ ಚಿತ್ರ ಸೇರಿಸುವ ವಿಧಾನ ಅದು. 40ರ ಸರಣಿಯಲ್ಲಿ ನಡುವೆ ಒಂದು, 50ರ ಸರಣಿ ಬಂದಾಗ ಅದರಲ್ಲಿ ಮೂರರವರೆಗೆ. ಕಣ್ಣಿಗೆ ನುಣುಪಾಗಿ ಕಾಣುತ್ತದೆ, ಆದರೆ ಕೀಲಿ ಒತ್ತಿದ್ದಕ್ಕೆ ಯಂತ್ರ ಸ್ಪಂದಿಸುವುದು ನಿಜವಾಗಿ ಬಿಡಿಸಿದ ಚಿತ್ರಗಳ ಲೆಕ್ಕದಲ್ಲೇ. 2025ರ ಜನವರಿಯಲ್ಲಿ ಎನ್ವಿಡಿಯಾದ ಮುಖ್ಯಸ್ಥರು 549 ಡಾಲರಿನ 5070 ಕಾರ್ಡು 4090ಯಷ್ಟೇ ಓಡುತ್ತದೆ ಎಂದು ವೇದಿಕೆಯ ಮೇಲೆ ಹೇಳಿದ್ದು ಈ ಊಹೆಯ ಚಿತ್ರಗಳನ್ನು ಸೇರಿಸಿಯೇ.

ಬಿಲ್ಲು, ವಾರಂಟಿ, ಗಡಿ

ತಿಕೋಂಡಿಯವರಿಗೆ ಜಿಲ್ಲಾ ಕೇಂದ್ರ ಸಾಂಗ್ಲಿಗಿಂತ ವಿಜಯಪುರ ಹತ್ತಿರ. ಸೊಲ್ಲಾಪುರಕ್ಕೂ ಜನ ಹೋಗುತ್ತಾರೆ. ಯಾವ ರಾಜ್ಯದಲ್ಲಿ ಕೊಂಡರೆ ತೆರಿಗೆ ಕಡಿಮೆ ಎಂದು ಕೇಳುವವರಿದ್ದಾರೆ. ಜಿಎಸ್‌ಟಿ ಎಲ್ಲ ಕಡೆ 18 ಪ್ರತಿಶತವೇ. ಬೆಲೆಯ ವ್ಯತ್ಯಾಸ ಅಂಗಡಿಯವರದು, ಸರ್ಕಾರದ್ದಲ್ಲ. ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇವೆ ಎಂದರೆ ಬೇಡವೆನ್ನಿರಿ. ಬಿಲ್ಲಿನ ಮೇಲೆ ಯಂತ್ರದ ಸೀರಿಯಲ್ ನಂಬರು ಇರಲೇಬೇಕು.

ವಾರಂಟಿ 'ಆನ್‌ಸೈಟ್' ಎಂದಿದ್ದರೆ ರಿಪೇರಿಯವರು ಮನೆಗೆ ಬರಬೇಕು. ಆದರೆ ಬರುವುದು ಅವರ ಪಟ್ಟಿಯಲ್ಲಿರುವ ಪಿನ್‌ಕೋಡುಗಳಿಗೆ ಮಾತ್ರ. ರೊಕ್ಕ ಕೊಡುವ ಮೊದಲು ಕಂಪನಿಯ ಸಹಾಯವಾಣಿಗೆ ನಿಮ್ಮ ಊರಿನ ಪಿನ್‌ಕೋಡ್ ಹೇಳಿ ವಿಚಾರಿಸಿರಿ. ಇಲ್ಲವೆಂದರೆ ಹತ್ತಿರದ ಸರ್ವಿಸ್ ಕೇಂದ್ರ ಯಾವ ಊರಲ್ಲಿ ಎಂದು ಕೇಳಿರಿ. ಎರಡು ಯಂತ್ರ ಬಹುಪಾಲು ಸಮನಾಗಿದ್ದರೆ, ವಿಜಯಪುರ ಅಥವಾ ಸಾಂಗ್ಲಿ-ಮಿರಜದಲ್ಲಿ ಸರ್ವಿಸ್ ಇರುವುದನ್ನೇ ಆರಿಸಬೇಕೆಂದು ನಾವು ಒತ್ತಿ ಹೇಳುತ್ತೇವೆ. ಮೂರು ವರ್ಷದ ವಾರಂಟಿಗೆ ಹೆಚ್ಚು ಕೊಡುವುದು ಇಂಥ ಯಂತ್ರಕ್ಕೆ ದಂಡವಲ್ಲ. ಬೋರ್ಡು ಹೋದರೆ ಗ್ರಾಫಿಕ್ಸ್ ಕಾರ್ಡೂ ಅದರಲ್ಲೇ ಬೆಸೆದಿರುತ್ತದೆ.

ವಿವಾದವಾದರೆ ಗಡಿಯ ಭಯ ಬೇಡ. ವಿಜಯಪುರದಲ್ಲಿ ಕೊಂಡ ಮಾಲಿಗೆ ವಿಜಯಪುರದಲ್ಲೇ ದಾವೆ ಹೂಡಬೇಕೆಂಬ ನಿಯಮವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೆಯ ಕಲಮಿನಂತೆ ಗ್ರಾಹಕ ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ನಮಗೆ ಅದು ಸಾಂಗ್ಲಿ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಅವಧಿ ಎರಡು ವರ್ಷ. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ವಿಂಡೋಸಿನ ಬ್ಯಾಟರಿ ರಿಪೋರ್ಟ್ ತೆಗೆಸಿ, ಹೊಸದಿದ್ದಾಗಿನ ಸಾಮರ್ಥ್ಯಕ್ಕೂ ಈಗಿನದಕ್ಕೂ ಹೋಲಿಸಿರಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿದಿದೆ, ಆದ್ದರಿಂದ ವಿಂಡೋಸ್ 11 ಏರದ ಹಳೆಯ ಯಂತ್ರ ಬೇಡ.

ಕನ್ನಡ ಟೈಪಿಂಗ್

ಇದು ನಮ್ಮ ಸಂಘದವರೇ ಕೇಳುವ ಪ್ರಶ್ನೆ. ಗೇಮಿಂಗ್ ಯಂತ್ರದಲ್ಲಿ ಕನ್ನಡ ಬರುತ್ತದೆಯೇ? ಬರುತ್ತದೆ. ವಿಂಡೋಸ್ 8ರಿಂದ ನಿರ್ಮಲಾ ಎಂಬ ಕನ್ನಡ ಸಹಿತ ಅಕ್ಷರಶೈಲಿ ಜೊತೆಗೇ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆಯ ಪಟ್ಟಿಗೆ ಕನ್ನಡ ಸೇರಿಸಿದರೆ ಕೀಲಿಮಣೆ ಸಿದ್ಧ. ನುಡಿ, ಬರಹ ಹಾಕಿಕೊಂಡರೆ ಅವೂ ನಡೆಯುತ್ತವೆ. ಹಿಂದಿನ ನುಡಿ ಅಕ್ಷರಶೈಲಿಯಲ್ಲಿ ಟೈಪಿಸಿದ ಕಡತಗಳು ಮಾತ್ರ ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಚಿತ್ರವಿಚಿತ್ರವಾಗಿ ಕಾಣುತ್ತವೆ. ಅದು ಲ್ಯಾಪ್‌ಟಾಪಿನ ದೋಷವಲ್ಲ, ಯೂನಿಕೋಡ್‌ಗೆ ಪರಿವರ್ತಿಸಿದರೆ ಸರಿಹೋಗುತ್ತದೆ. ಬಣ್ಣದ ದೀಪದ ಕೀಲಿಗಳ ಮೇಲೆ ಕನ್ನಡ ಅಕ್ಷರದ ಚೀಟಿ ಅಂಟಿಸಿದರೆ ಬೆಳಕು ಮುಚ್ಚುತ್ತದೆ, ಬಲಗಡೆ ಅಂಕಿಗಳ ಸಾಲು ಬೇಕೆನ್ನುವವರು 16 ಇಂಚಿನದನ್ನು ನೋಡಬೇಕು.

ಖರೀದಿಗೆ ಮುನ್ನ ತಮ್ಮ ಮೂರು ಕೊಟೇಶನ್‌ಗಳ ಹಾಳೆಯನ್ನು ಸಂಘಕ್ಕೆ ಕಳುಹಿಸಿದರೆ ನಾವೂ ಒಮ್ಮೆ ನೋಡಿ ಅಭಿಪ್ರಾಯ ಬರೆದು ಕಳುಹಿಸುತ್ತೇವೆ. ಹಾಳೆಯಲ್ಲಿ ಊರಿನ ಪಿನ್‌ಕೋಡ್ ಮತ್ತು ಮಗು ಸೇರುವ ಕೋರ್ಸಿನ ಹೆಸರು ತಪ್ಪದೆ ಬರೆಯಿರಿ.

ಕಾರ್ಯದರ್ಶಿ